ಬಸುರಿ ಕೇಕು

ದೇವದುರ್ಗದ ನಮ್ಮ ಮನೆಯಲ್ಲಿ ಒಂದು ಚಳಿಗಾಲವಿಡೀ ಆಯಿಯ ಮಾತು ಗೌರತ್ತೆಗೆ ನೇರವಾಗಿ ಹೋಗಲಿಲ್ಲ, ನನ್ನ ಮೂಲಕ ಹೋಯಿತು. ಆಯಿ ಎಂದರೆ ಅಪ್ಪನ ಅವ್ವ. ಗೌರತ್ತೆ ಅಪ್ಪನ ತಂಗಿ, ಆಯಿಯ ಕಡೆಯ ಮಗಳು. ಮಾಸ್ತರಿಕೆಯ ತರಬೇತಿಗೆಂದು ರಾಯಚೂರಿಗೆ ಹೋದವಳು ಅಲ್ಲಿ ಜೊತೆಗೆ ಓದುತ್ತಿದ್ದ ಮಾನ್ವಿಯ ಹುಡುಗನನ್ನು ಮದುವೆಯಾಗಿ, ಆದ ಮೇಲೆ ಮನೆಗೆ ಸುದ್ದಿ ಕಳಿಸಿದ್ದಳು. ಹುಡುಗ ಒಳ್ಳೆಯವನು, ನೌಕರಿಯೂ ಸಿಕ್ಕಿತ್ತು, ಆದರೆ ನಮ್ಮ ಮಂದಿಯಲ್ಲ. ಆಯಿಗೆ ಅಷ್ಟು ಸಾಕಾಯಿತು. ಮಗಳು ತನ್ನ ಪಾಲಿಗೆ ಇಲ್ಲ ಎಂದು ಇಡೀ ಓಣಿಗೆ ಕೇಳುವಂತೆ ಸಾರಿಬಿಟ್ಟಳು. ಆದರೆ ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕೆಂಬ ಪದ್ಧತಿ ಆಯಿಯ ಸಿಟ್ಟಿಗಿಂತ ಹಳೆಯದು. ಹೀಗಾಗಿ ಏಳು ತಿಂಗಳು ತುಂಬುತ್ತಲೇ ಗೌರತ್ತೆ ಒಂದು ಟ್ರಂಕು ಹಿಡಿದುಕೊಂಡು ಬಸ್ಸಿಳಿದು ಬಂದಳು. ಆಯಿ ಅವಳಿಗೆ ಬೆಚ್ಚಗಿನ ಮೂಲೆಯಲ್ಲಿ ಹಾಸಿಗೆ ಹಾಸಿಕೊಟ್ಟಳು, ದಿನಾ ಬಿಸಿನೀರು ಕಾಯಿಸಿಕೊಟ್ಟಳು, ಮಾತು ಮಾತ್ರ ಕೊಡಲಿಲ್ಲ. ಇಬ್ಬರೂ ಎದುರುಬದುರು ಕುಳಿತು ಒಂದೇ ಮೊರದಲ್ಲಿ ಅಕ್ಕಿ ಆರಿಸುವಾಗಲೂ ನಡುವೆ ನಾನು ಬೇಕಿತ್ತು.

"ಮಲ್ಲೀ, ಅಕಿಗೆ ಹೇಳು, ಬಸುರಿ ಹೆಂಗಸು ಹೊಸ್ತಿಲ ಮ್ಯಾಲ ಕುಂದರಬಾರದು ಅಂತ."

"ಮಲ್ಲೀ, ನಿಮ್ಮ ಆಯಿಗೆ ಹೇಳು, ನಾ ಹೊಸ್ತಿಲ ಮ್ಯಾಲ ಕುಂತಿಲ್ಲ, ಬಾಜೂಕ ಕುಂತೀನಿ ಅಂತ."

ಎರಡೂ ಮಾತನ್ನು ಎರಡೂ ಕಡೆಯವರು ಆಗಲೇ ಕೇಳಿಸಿಕೊಂಡಿರುತ್ತಿದ್ದರು. ಆದರೂ ನಾನು ಹೇಳುವವರೆಗೆ ಅದು ಹೇಳಿದಂತಾಗುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಸಣ್ಣವಳಾದ ನನಗೆ ಇಂಥ ಅಧಿಕಾರ ಸಿಕ್ಕಿದ್ದು ಅದೇ ಮೊದಲು. ನಾನು ಸೊಂಟದ ಮೇಲೆ ಕೈಯಿಟ್ಟುಕೊಂಡು, ಆಯಿಯ ಮಾತನ್ನು ಆಯಿಯ ದನಿಯಲ್ಲೇ, ಸ್ವಲ್ಪ ಒಗ್ಗರಣೆ ಹಾಕಿ ದಾಟಿಸುತ್ತಿದ್ದೆ. ನಮ್ಮ ಮನೆಯ ಮುಂಭಾಗ ಅಪ್ಪನ ಹಿಟ್ಟಿನ ಗಿರಣಿ, ಹಿಂದೆ ಸಾಲಾಗಿ ಮೂರು ಕೋಣೆ. ಗಿರಣಿಯ ಸದ್ದಿನಲ್ಲಿ ಬೆಳೆದ ನಮಗೆ ಯಾರಿಗೂ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ಈಗ ನಾನಿರುವ ರಾಯಚೂರಿನಲ್ಲೂ ಫೋನು ಹಿಡಿದರೆ ಮೇಲಿನ ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಹಾಗಾಗಿ ನನ್ನ ವರದಿಗಾರಿಕೆ ಜೋಳ ಬೀಸಿಸಲು ಬಂದವರಿಗೂ ಕೇಳುತ್ತಿತ್ತು. ಅವರು ಹಿಟ್ಟಿನ ಜೊತೆಗೆ ಸುದ್ದಿಯನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಅವ್ವನೊಬ್ಬಳೇ ಇದರಲ್ಲಿ ಸೇರುತ್ತಿರಲಿಲ್ಲ. ಅವಳು ರೊಟ್ಟಿ ಬಡಿಯುತ್ತ, ಮಾತನ್ನೆಲ್ಲ ಆ ಹಿಟ್ಟಿಗೇ ಬಡಿದು ಸುಮ್ಮನಾಗುವವಳು.

ಗೌರತ್ತೆಗೆ ಇದ್ದ ನೋವು ಒಂದೇ, ಅದು ನನಗೂ ಗೊತ್ತಿತ್ತು. ನಮ್ಮ ಕಡೆ ಬಸುರಿಗೆ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಅಕ್ಕಿ, ಅರಿಶಿನದ ಕೊಂಬು, ಉತ್ತತ್ತಿ, ಅಡಿಕೆ, ರವಿಕೆಯ ಖಣ ಹಾಕಿ ಅವಳ ಸೆರಗಿನಲ್ಲಿ ಉಡಿ ತುಂಬುತ್ತಾರೆ. ಆ ಓಣಿಯಲ್ಲಿ ಉಡಿ ತುಂಬಿಸಿಕೊಳ್ಳದೆ ಹೆತ್ತ ಹೆಣ್ಣುಮಗಳೇ ಇರಲಿಲ್ಲ. ಪಕ್ಕದ ಮನೆಯಲ್ಲಿ ಕುಬಸದ ಹಾಡು ಕೇಳಿಸಿದ ಸಂಜೆ ಗೌರತ್ತೆ ಊಟ ಬಿಟ್ಟಳು. ತಾನಾಗಿ ಕೇಳುವವಳು ಅವಳಲ್ಲ, ತಾನಾಗಿ ಕೊಡುವವಳು ಆಯಿಯಲ್ಲ. ಅವ್ವ ಒಂದು ಸಲ ಧೈರ್ಯ ಮಾಡಿ, "ಅತ್ತೀ, ಗೌರವ್ವಗ ಉಡಿ ಒಂದರ ತುಂಬ್ರಿ, ಹೊಟ್ಟಿ ಮ್ಯಾಲ ಯಾಕ ಸಿಟ್ಟು?" ಎಂದಳು. ಆಯಿ ನನ್ನನ್ನು ಕರೆದು, "ನಿಮ್ಮವ್ವಗ ಹೇಳು, ರೊಟ್ಟಿ ಹೊತ್ತಾಕತ್ತಾವ ಅಂತ" ಎಂದಳು. ರೊಟ್ಟಿ ಹೊತ್ತಿರಲಿಲ್ಲ.

ಇಂಥ ಮನೆಯಲ್ಲಿ ನನ್ನ ಹುಟ್ಟುಹಬ್ಬ ಬಂತು. ಬಂತು ಎನ್ನುವುದಕ್ಕಿಂತ ಗೌರತ್ತೆ ಅದನ್ನು ಹುಡುಕಿ ತಂದಳು ಎನ್ನಬೇಕು. ಶಾಲೆಯ ಲೆಕ್ಕದಲ್ಲಿ ನಾನು ಜೂನ್ ಒಂದರಂದು ಹುಟ್ಟಿದವಳು. ನನ್ನ ತರಗತಿಯ ಬಹುಪಾಲು ಮಕ್ಕಳೂ ಅಂದೇ ಹುಟ್ಟಿದ್ದರು. ಹೆಸರು ಹಚ್ಚುವಾಗ ಹೆಡ್‌ಮಾಸ್ತರರು ನಮ್ಮೆಲ್ಲರನ್ನೂ ಒಂದೇ ದಿನ ಹೆರಿಗೆ ಮಾಡಿಸಿ ಕೈ ತೊಳೆದುಕೊಂಡಿದ್ದರು. ಆಯಿಯ ಲೆಕ್ಕದಲ್ಲಿ ನಾನು ಹುಟ್ಟಿದ್ದು ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಮರುದಿನ. ಆ ದಿನ ಮನೆಯವರೆಲ್ಲ ಹಿಂದಿನ ದಿನದ ಸಜ್ಜಿ ರೊಟ್ಟಿ, ಭರ್ತ, ಕಡುಬು ತಿಂದು ಹೊಟ್ಟೆ ಹಿಡಿದುಕೊಂಡು ಕೂರುವುದರಿಂದ ನನ್ನ ಹುಟ್ಟು ಯಾರಿಗೂ ನೆನಪಾಗುತ್ತಿರಲಿಲ್ಲ. ಗೌರತ್ತೆ ಇದು ಅನ್ಯಾಯ ಎಂದಳು. ರಾಯಚೂರಿನಲ್ಲಿ ಇದ್ದಾಗ ಅವಳು ಟಿವಿಯಲ್ಲಿ ಒಂದು ಕೇಕು ನೋಡಿದ್ದಳಂತೆ. ಹೊರಗಿನಿಂದ ನೋಡಿದರೆ ಬರೀ ಕೇಕು, ಒಳಗೆ ಪೊಳ್ಳು. ಆ ಪೊಳ್ಳಿನ ತುಂಬ ಪೆಪ್ಪರಮಿಂಟು, ಚಾಕಲೇಟು. ಕೊಯ್ದರೆ ಒಳಗಿನದೆಲ್ಲ ಸುರಿಯುತ್ತದೆ.

"ಸುರುವಿದ ಮ್ಯಾಲ ಏನು ಮಾಡಿದ್ರು ಅತ್ತೀ?"

"ಅಷ್ಟೊತ್ತಿಗೆ ಕರೆಂಟ್ ಹೋತು."

ನನಗೆ ಅಷ್ಟೇ ಸಾಕಿತ್ತು. ಮರುದಿನ ಶಾಲೆಯಲ್ಲಿ, ನಮ್ಮ ಮನೆಯ ಕೇಕಿನ ಹೊಟ್ಟೆಯಲ್ಲಿ ಏನೋ ಇರುತ್ತದೆ, ನಾನು ಚಾಕು ಹಾಕಿದ ಕೂಡಲೇ ಹೊರಗೆ ಬೀಳುತ್ತದೆ ಎಂದು ಡಂಗುರ ಹೊಡೆದೆ. ಓಣಿಯ ಹುಡುಗಿಯರಿಗೆಲ್ಲ ಬರಹೇಳಿದೆ. ಇನ್ನು ಕೇಕು ಆಗದಿದ್ದರೆ ಶಾಲೆಯ ಕಡೆ ಮುಖ ಹಾಕುವ ಹಾಗಿರಲಿಲ್ಲ.

ಮೊದಲ ಜಗಳ ಹಿಟ್ಟಿನದು. ಗೌರತ್ತೆ ಅಂಗಡಿಯಿಂದ ಮೈದಾ ತರಬೇಕು ಎಂದಳು. ಅಪ್ಪ ಬಹಳ ಮೆತ್ತಗಿನ ಮನುಷ್ಯ, ಆದರೆ ಹಿಟ್ಟಿನ ವಿಷಯದಲ್ಲಿ ಅವನ ಮಾನ ದೊಡ್ಡದು.

"ಗಿರಣಿ ಮನ್ಯಾಗ ಹಿಟ್ಟು ಕೊಂಡು ತರ್ತೀಯೇನಬೇ? ನಾಳಿ ಮಂದಿ ನನ್ನ ಕಲ್ಲು ಬೀಸಂಗಿಲ್ಲ ಅಂತಾರ. ಮೈದಾ ಅಂದ್ರ ಏನು, ಗೋಧಿ ಹಿಟ್ಟು ಸಣ್ಣ ಜರಡಿ ಹಿಡಿದ್ರ ಮೈದಾ."

ಹೀಗೆಂದು ಒಳ್ಳೆ ಗೋಧಿಯನ್ನು ಆರಿಸಿ, ಕಲ್ಲನ್ನು ಬಿಗಿಮಾಡಿ, ಬೆಣ್ಣೆಯಂಥ ಹಿಟ್ಟು ಬೀಸಿದ. ಇನ್ನು ಜರಡಿ. ನಮ್ಮ ಗಿರಣಿಯಲ್ಲಿ ಎಲ್ಲಕ್ಕಿಂತ ಸಣ್ಣ ಕಣ್ಣಿನ ಜರಡಿ ಎಂದರೆ ಖಾರಪುಡಿ ಹಿಡಿಯುವ ಜರಡಿ. ಅಪ್ಪ ಅದನ್ನು ಕಟ್ಟೆಗೆ ಚೆನ್ನಾಗಿ ಬಡಿದು, ಬಾಯಿಂದ ಊದಿ, ಧೋತರದ ಚುಂಗಿನಿಂದ ಒರೆಸಿದ. ಆಮೇಲೆ ಹಿಟ್ಟು ಹಿಡಿದ. ಹಿಡಿಯುವಾಗ ಎರಡು ಸಲ ಸೀನಿದ. ಗಿರಣಿಯವನು ಸೀನುವುದು ಹೊಸದೇನಲ್ಲವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಹಿಟ್ಟಿಗೆ ಒಂದು ತೆಳು ಕೆಂಬಣ್ಣ ಬಂದಿತ್ತು.

"ನೋಡಿದ್ಯಾ, ಅಂಗಡಿ ಮೈದಾಕ್ಕ ಈ ಬಣ್ಣ ಬರತದೇನು?" ಎಂದ ಅಪ್ಪ.

"ಟಿವ್ಯಾಗೂ ಹಿಂಗ ಕೆಂಪಗ ಇತ್ತಣ್ಣಾ," ಎಂದಳು ಗೌರತ್ತೆ.

ಎರಡನೆಯ ಜಗಳ ತತ್ತಿಯದು. ಕೋಳಿ ಆಯಿಯವು, ಇಟ್ಟ ತತ್ತಿಯೂ ಅವಳದೇ. "ಅಕಿಗೆ ಹೇಳು, ತತ್ತಿ ಇಟ್ಟದ್ದು ಬಸುರಿ ತಿನ್ನಲಿ ಅಂತ, ಹಿಟ್ಟಿನ್ಯಾಗ ಕಲಸಲಿ ಅಂತಲ್ಲ" ಎಂದಳು. ನಾನು ಅದನ್ನು ದಾಟಿಸಿದೆ. ಆಯಿ ತನ್ನನ್ನು ಬಸುರಿ ಎಂದು ಲೆಕ್ಕಕ್ಕೆ ಹಿಡಿದಿದ್ದಾಳೆಂದು ಗೌರತ್ತೆಗೆ ಒಳಗೊಳಗೇ ಹಿಗ್ಗಾಯಿತು. ಆದರೂ ತತ್ತಿಯನ್ನು ಕಲಸಿಯೇ ಕಲಸಿದಳು. ದೊಡ್ಡ ಬೋಗುಣಿಯ ತಳಕ್ಕೆ ಹೊಳೆಯ ಉಸುಕು ಹಾಕಿ ಒಲೆಯ ಮೇಲಿಟ್ಟು, ಅದರೊಳಗೆ ಹಿಟ್ಟು ತುಂಬಿದ ಡಬ್ಬಿ ಇಳಿಸಿ, ಮೇಲೆ ತಾಟು ಮುಚ್ಚಿ, ತಾಟಿನ ಮೇಲೆ ಕೆಂಡ ಹರವಿದಳು. ಆಯಿ ಬಂದು ಇಣುಕಿದಳು.

"ಮಲ್ಲೀ, ಕೇಳು ಅಕಿಗೆ, ಉಸುಕು ಹುರಿದು ಮಂಡಕ್ಕಿ ಬಟ್ಟಿ ಹಾಕ್ಯಾಳೇನು ಅಂತ."

ಆದರೆ ಸ್ವಲ್ಪ ಹೊತ್ತಿಗೆ ಎಂಥ ವಾಸನೆ ಬಂತೆಂದರೆ, ಬೀಸಿಸಲು ಬಂದವರು ಹಿಟ್ಟು ಹೊತ್ತುಕೊಂಡು ಹೋಗುವುದನ್ನೇ ಮರೆತು ನಿಂತರು. ಆಯಿಯೂ ಅಡುಗೆಮನೆ ಬಿಟ್ಟು ಕದಲಲಿಲ್ಲ. ಡಬ್ಬಿ ಬೋರಲು ಹಾಕಿದಾಗ ಕೇಕು ಅಚ್ಚುಕಟ್ಟಾಗಿ, ಎತ್ತರಕ್ಕೆ, ಸಣ್ಣ ಕೊಡದ ಹಾಗೆ ಬಂದಿತ್ತು. ನಾನು ಒಂದು ಚೂರು ಮುರಿಯಲು ಹೋದರೆ ಆಯಿ ಕೈ ಮೇಲೆ ಹೊಡೆದಳು. ಆರತಿ ಆಗುವವರೆಗೆ ಯಾರೂ ಬಾಯಿಗೆ ಹಾಕಬಾರದು, ಎಂಜಲಾಗುತ್ತದೆ. ಗೌರತ್ತೆ ಚಮಚದಿಂದ ತಳವನ್ನು ಕೆರೆದು ಪೊಳ್ಳು ಮಾಡಿದ ಪುಡಿಯನ್ನೂ ಆಯಿ ಬಟ್ಟಲಲ್ಲಿ ಮುಚ್ಚಿಟ್ಟಳು. ಹೀಗಾಗಿ ಆ ಕೇಕಿನ ರುಚಿ ಸಂಜೆಯವರೆಗೆ ಮನೆಯ ಒಬ್ಬರಿಗೂ ತಿಳಿಯಲಿಲ್ಲ.

ಮಧ್ಯಾಹ್ನದ ಬಸ್ಸಿಗೆ ಮಾನ್ವಿ ಮಾವ ಬಂದ. ಮಾವ ಎಂದರೆ ಗೌರತ್ತೆಯ ಗಂಡ. ತಿಂಗಳಿಗೊಮ್ಮೆ ಬರುತ್ತಿದ್ದ, ಬಂದು ಗಿರಣಿಯಲ್ಲೇ ಹಿಟ್ಟಿನ ಚೀಲದ ಮೇಲೆ ಕುಳಿತು, ಅಲ್ಲಿಗೇ ಬಂದ ಗೌರತ್ತೆಯ ಜೊತೆ ನಾಲ್ಕು ಮಾತಾಡಿ, ಬೆನ್ನೆಲ್ಲ ಬಿಳಿ ಮಾಡಿಕೊಂಡು ಹೋಗುತ್ತಿದ್ದ. ಗಿರಣಿಯಿಂದ ಮನೆಯೊಳಕ್ಕೆ ಇರುವ ಬಾಗಿಲನ್ನು ಅವನು ದಾಟಿರಲಿಲ್ಲ, ಆಯಿ ಕರೆದಿರಲಿಲ್ಲ. ಅಂದು ಅವನು ನನಗೆಂದು ಮೇಣದ ಬತ್ತಿ, ಪೆಪ್ಪರಮಿಂಟಿನ ದೊಡ್ಡ ಪೊಟ್ಟಣ ತಂದಿದ್ದ. ಗೌರತ್ತೆ ಪೆಪ್ಪರಮಿಂಟನ್ನು ಕೇಕಿನೊಳಗೆ ತುಂಬಿ, ಕೆರೆದ ಬಾಯಿಗೆ ಕೇಕಿನದೇ ಒಂದು ಬಿರಡೆ ಮಾಡಿ ಜಡಿದು, ಬೆಲ್ಲದ ಪಾಕ ಸವರಿ, ಬಾಯಿ ಕೆಳಗೆ ಮಾಡಿ ಪರಾತದಲ್ಲಿ ಕೂರಿಸಿದಳು. ಆಗ ಮೂರನೆಯ ಜಗಳ ಶುರುವಾಯಿತು, ಅದು ನನ್ನ ಬುಡಕ್ಕೇ ಬಂತು.

"ಏನು, ಹೊಟ್ಟಿ ತುಂಬಿ ಆಮ್ಯಾಲ ಚಾಕು ಹಾಕ್ತೀರಾ?" ಎಂದಳು ಆಯಿ. ಈ ಸಲ ಮಾತು ಯಾರಿಗೆಂದು ಹೇಳದೆ ಕಂಬಕ್ಕೆ ಹೇಳಿದಳು. "ಬಸುರಿ ಇದ್ದ ಮನ್ಯಾಗ ಇಡೀ ಕುಂಬಳಕಾಯಿ ಸೈತ ಕೊಯ್ಯಂಗಿಲ್ಲ. ತುಂಬಿದ ಹೊಟ್ಟಿ ಕೊಯ್ತೀರಾ? ನಾ ಜೀವಂತ ಇರೋತನಕ ಆಗಂಗಿಲ್ಲ."

"ಅದು ಕೇಕು ಆಯಿ!"

"ತುಂಬಿದ್ದೆಲ್ಲಾ ಬಸುರಿನ."

ಹಾಗಾದರೆ ಗೌರತ್ತೆ ಗಿರಣಿಯಲ್ಲಿ ಕೂರಲಿ, ಒಳಗೆ ಕೊಯ್ಯೋಣ ಎಂದ ಅಪ್ಪ. ತಾನು ಮಾಡಿದ ಕೇಕನ್ನು ತಾನು ನೋಡಬಾರದೇ ಎಂದು ಗೌರತ್ತೆ ಕಣ್ಣಲ್ಲಿ ನೀರು ತಂದುಕೊಂಡಳು. ನಾನು ಅವಳಿಗಿಂತ ಜೋರಾಗಿ ಅತ್ತೆ. ಅಜ್ಜಿಗೆ ಅರಿವೆಯ ಚಿಂತೆ, ಮಗಳಿಗೆ ಗಂಡನ ಚಿಂತೆ ಎನ್ನುತ್ತಾರೆ. ಮೊಮ್ಮಗಳಾದ ನನಗೆ ಚಾಕಿನ ಚಿಂತೆ. ಕೊನೆಗೆ ಆಯಿ, ಕೊಯ್ಯಬಾರದು, ಸುರುವಿದರೆ ದೋಷವಿಲ್ಲ ಎಂದು ತೀರ್ಪು ಕೊಟ್ಟಳು. ಅಪ್ಪ ಕೇಕು ಎತ್ತಿ ಹಿಡಿಯಬೇಕು, ನಾನು ಕೆಳಗಿನಿಂದ ಬಿರಡೆ ಕೀಳಬೇಕು. ಇಷ್ಟು ಹೇಳಿ, ಇರುವೆ ಬರುತ್ತವೆ, ಬೆಕ್ಕು ಬರುತ್ತದೆ ಎಂದು ನಮ್ಮನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿಕೊಂಡು ಸಂಜೆಯವರೆಗೆ ತಾನೇ ಕೇಕು ಕಾಯ್ದಳು. ನನ್ನ ಹುಟ್ಟುಹಬ್ಬಕ್ಕಾಗಿ ಆಯಿ ಇಷ್ಟು ಕಷ್ಟಪಡುತ್ತಿದ್ದಾಳೆಂದು ನನಗೆ ಎದೆ ತುಂಬಿ ಬಂತು.

ಸಂಜೆ ಹುಡುಗಿಯರು ಬಂದರು. ಪಡಸಾಲೆಯಲ್ಲಿ ಆಯಿ ಎದುರುಬದುರು ಎರಡು ಮಣೆ ಹಾಕಿದ್ದಳು. ಒಂದರ ಸುತ್ತ ರಂಗೋಲಿ ಇತ್ತು, ಒಂದು ಬೋಳು. ನಾನು ನೆಟ್ಟಗೆ ರಂಗೋಲಿಯ ಮಣೆಯ ಮೇಲೆ ಹೋಗಿ ಕುಳಿತೆ. ಆಯಿ ನನ್ನ ರಟ್ಟೆ ಹಿಡಿದು ಬೋಳು ಮಣೆಗೆ ಎತ್ತಿ ಹಾಕಿದಳು.

"ಅಕಿಗೆ ಹೇಳು, ಈ ಮಣಿ ಮ್ಯಾಲ ಕುಂದ್ರಂತ. ಸೆರಗು ಹಿಡಿ ಅಂತ ಹೇಳು. ಮಿಠಾಯಿ ನೆಲಕ್ಕ ಬೀಳಬಾರದು."

ನಾನು ಹೇಳಿದೆ. ಗೌರತ್ತೆ ಕಷ್ಟಪಟ್ಟು ಕುಳಿತು ಸೆರಗೊಡ್ಡಿದಳು. ಆಯಿ ಆರತಿ ಬೆಳಗಿದಳು. ಆರತಿಯ ತಟ್ಟೆ ನನ್ನ ಮುಂದೆ ಒಂದು ಸುತ್ತು ಸುತ್ತಿ, ಅವಳ ಮುಂದೆ ನಿಧಾನವಾಗಿ ಸುತ್ತಿತು. ಹುಟ್ಟಿದವಳು ನಾನು ಎಂದು ಕೂಗಬೇಕೆನಿಸಿತು. ಅಷ್ಟರಲ್ಲಿ ಅಪ್ಪ ಕೇಕು ಎತ್ತಿ ಹಿಡಿದ, ನಾನು ಬಿರಡೆ ಕಿತ್ತೆ.

ಮೊದಲು ಬಿದ್ದದ್ದು ಅಕ್ಕಿ. ಹಿಡಿಗಟ್ಟಲೆ ಅಕ್ಕಿ. ಅದರ ಹಿಂದೆ ಅರಿಶಿನದ ಕೊಂಬು, ಉತ್ತತ್ತಿ, ಅಡಿಕೆ. ಆಮೇಲೆ ಏನೋ ಸಿಕ್ಕಿಕೊಂಡಿತು. ಅಪ್ಪ ಕೇಕನ್ನು ಅಲ್ಲಾಡಿಸಿದ. ಸಣ್ಣಗೆ ಮಡಚಿದ ಹಸಿರು ಖಣವೊಂದು ಬೆಲ್ಲದ ಪಾಕ ಮೆತ್ತಿಕೊಂಡು ಗೌರತ್ತೆಯ ಸೆರಗಿಗೆ ಧೊಪ್ಪನೆ ಬಿತ್ತು. ಪೆಪ್ಪರಮಿಂಟು ಬಿದ್ದದ್ದು ಎಲ್ಲಕ್ಕಿಂತ ಕೊನೆಗೆ. ಹುಡುಗಿಯರು ಹೋ ಎಂದು ಅದಕ್ಕೆ ಮುಗಿಬಿದ್ದರು. ದೊಡ್ಡವರು ಯಾರೂ ಅಲ್ಲಾಡಲಿಲ್ಲ. ಗೌರತ್ತೆ ತನ್ನ ಸೆರಗನ್ನೇ ನೋಡುತ್ತ ಕುಳಿತಿದ್ದಳು. ನನಗೆ ಅಷ್ಟು ಹೊತ್ತಿಗೆ ಎಲ್ಲ ಹೊಳೆಯಿತು. ಆಯಿ ಮಧ್ಯಾಹ್ನವಿಡೀ ಕಾಯ್ದದ್ದು ಬೆಕ್ಕನ್ನಲ್ಲ. ಮಾತನ್ನು ನನ್ನ ಮೂಲಕ ದಾಟಿಸಿದ ಹಾಗೆ ಉಡಿಯನ್ನೂ ನನ್ನ ಕೇಕಿನ ಮೂಲಕ ದಾಟಿಸಿಬಿಟ್ಟಿದ್ದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ನನ್ನ ಹುಟ್ಟುಹಬ್ಬ ಮಾತ್ರ ಮುರಿಯಿತು. ನನಗೆ ಭಯಂಕರ ಸಿಟ್ಟು ಬಂತು. ಯಾರೂ ನೋಡದ ಹೊತ್ತಿಗೆ ಕೇಕಿನ ದೊಡ್ಡದೊಂದು ತುಂಡು ಮುರಿದು ಇಡಿಯಾಗಿ ಬಾಯಿಗೆ ತುರುಕಿಕೊಂಡೆ.

ಮೊದಲು ಸಿಹಿ ಬಂತು. ಆಮೇಲೆ ನಾಲಿಗೆಯ ಬುಡದಿಂದ ಬೆಂಕಿ ಎದ್ದಿತು. ಬೆಂಕಿ ಮೂಗಿಗೇರಿತು, ಕಿವಿಗೆ ಹೋಯಿತು, ಬಿಕ್ಕಳಿಕೆ ಹತ್ತಿತು. ಅಪ್ಪ ನನ್ನ ಮುಖ ನೋಡಿದ, ಕೇಕು ನೋಡಿದ, ಗಿರಣಿಯ ಕಡೆ ನೋಡಿದ.

"ಅಯ್ಯಯ್ಯಪ್ಪಾ, ಜರಡಿ!" ಎಂದ.

ಅಷ್ಟರಲ್ಲಿ ಗೌರತ್ತೆಯ ಕೈಯಲ್ಲೂ ಒಂದು ತುಂಡಿತ್ತು. ಆಯಿ ಚೀರಿದಳು.

"ಮಲ್ಲೀ! ಅಕಿಗೆ ಹೇಳು, ತಿನ್ನಬ್ಯಾಡ ಅಂತ! ಖಾರ ಅದ! ಹೊಟ್ಟ್ಯಾಗಿನ ಕೂಸಿಗೆ ಹತ್ತತದ!"

ನಾನು ಬಾಯಿ ತೆರೆದೆ, ಬಿಕ್ಕಳಿಕೆ ಬಂತು. ಮತ್ತೆ ತೆರೆದೆ. ಈ ಸಲ ಹಿಂದಿನಿಂದ ಅವ್ವನ ಕೈ ಬಂದು ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿತು. ಅವಳು ನನ್ನನ್ನು ಎದೆಗೆ ಒತ್ತಿ ಹಿಡಿದು ಆಯಿಯನ್ನೇ ನೋಡುತ್ತ ನಿಂತಳು. ಗೌರತ್ತೆ ತುಂಡನ್ನು ತುಟಿಯವರೆಗೆ ಒಯ್ದಳು.

"ನನಗ ಯಾರೂ ಏನೂ ಹೇಳಿಲ್ಲಲ್ಲ," ಎಂದಳು.

ಆಯಿ ಕಂಬದ ಕಡೆ ತಿರುಗಿದಳು. ಅಪ್ಪನನ್ನು ನೋಡಿದಳು, ಅಪ್ಪ ಸೂರು ನೋಡಿದ. ಗೌರತ್ತೆ ಬಾಯಿ ತೆರೆದಳು.

"ಗೌರೀ," ಎಂದಳು ಆಯಿ. ಆ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿ ಎಷ್ಟೋ ದಿನವಾಗಿತ್ತು. "ತಿನ್ನಬ್ಯಾಡವ್ವಾ ನನ್ನ ಮಗಳ. ಕೈ ಮುಗೀತೀನಿ."

ಗೌರತ್ತೆ ತುಂಡನ್ನು ತಾಟಿಗೆ ಹಾಕಿದಳು. ಉಡಿಯನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು, ನಾನು ಚಾಕಿಗಾಗಿ ಅತ್ತದ್ದಕ್ಕಿಂತ ಜೋರಾಗಿ ಅತ್ತಳು. ಆಯಿ ಹತ್ತಿರ ಹೋಗಿ, ಸೆರಗಿನಿಂದ ಉದುರುತ್ತಿದ್ದ ಅಕ್ಕಿಯನ್ನು ಒಂದೊಂದಾಗಿ ಎತ್ತಿ ಮತ್ತೆ ಉಡಿಗೆ ಹಾಕಿದಳು. ಅವ್ವ ನನ್ನ ಬಾಯಿಂದ ಕೈ ತೆಗೆದಳು. ನನಗೆ ಹೇಳಲು ಏನೂ ಉಳಿದಿರಲಿಲ್ಲ. ಹುಡುಗಿಯರ ಮುಂದೆ ನನ್ನ ಮಾನ ಹೋಗಿತ್ತು, ಮನೆಯಲ್ಲಿ ನನ್ನ ನೌಕರಿಯೂ ಹೋಯಿತು. ಆದರೂ, ಈಗ ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷ ನನಗೆ ಆಮೇಲಿನ ಯಾವ ಹುಟ್ಟುಹಬ್ಬದಲ್ಲೂ ಆಗಲಿಲ್ಲ.

"ಮತ್ತ ಈ ಕೇಕು ಏನು ಮಾಡೋದು ಬೇ?" ಎಂದು ಗೌರತ್ತೆ ಮೂಗು ಒರೆಸಿಕೊಳ್ಳುತ್ತ ಕೇಳಿದಳು, ನೇರವಾಗಿ ಆಯಿಯನ್ನೇ.

"ಗಿರಣ್ಯಾಗ ಕುಂತಾನಲ್ಲ ನಿನ್ನ ಗಂಡ, ಅವನ್ನ ಒಳಗ ಕರಿ. ಹೇಳದ ಕೇಳದ ನನ್ನ ಮಗಳನ್ನ ಒಯ್ದಾನ. ಅಂವ ತಿನ್ನಲಿ."

ಮಾವ ಬಂದ. ಬೆನ್ನಿನ ಹಿಟ್ಟು ಜಾಡಿಸಿಕೊಂಡು, ಬಾಗಿಲು ದಾಟಿ, ಗೌರತ್ತೆ ಬಿಟ್ಟೆದ್ದ ರಂಗೋಲಿಯ ಮಣೆಯ ಮೇಲೆ ಕುಳಿತ. ಆಯಿ ಕೇಕಿನ ಮುಕ್ಕಾಲು ಭಾಗವನ್ನು ಅವನ ತಾಟಿಗೆ ಇಟ್ಟು ಎದುರಿಗೆ ಕುಳಿತಳು. ಅವನಿಗೆ ಯಾರೂ ಏನೂ ಹೇಳಲಿಲ್ಲ. ಮೊದಲ ತುತ್ತಿಗೆ ಅವನ ಹಣೆ ಬೆವರಿತು, ಎರಡನೆಯದಕ್ಕೆ ಕಣ್ಣಲ್ಲಿ ನೀರು ಇಳಿಯಿತು. ಅವನು ನಿಲ್ಲಿಸಲಿಲ್ಲ.

"ಭಾಳ ಚೊಲೋ ಆಗ್ಯಾದ್ರಿ ಅತ್ತಿ," ಎಂದ, ದನಿಯೇ ಇಲ್ಲದ ದನಿಯಲ್ಲಿ.

ಆಯಿ ನೋಡುತ್ತಲೇ ಇದ್ದಳು. ಅವನು ತಾಟಿನ ಪುಡಿಯನ್ನೂ ಬಳಿಯಲು ಹೋದಾಗ ಎದ್ದಳು. ಅದುವರೆಗೆ ಅವನು ಬಂದಾಗಲೆಲ್ಲ ಗಿರಣಿಯ ಮುಂದಿನ ಕೊಡದಿಂದ ತಾನೇ ಬಗ್ಗಿಸಿಕೊಂಡು ನೀರು ಕುಡಿದವನು. ಆಯಿ ಒಳಗಿನ ಕುಡಿಯುವ ನೀರಿನ ಹರವಿಯಿಂದ ತಂಬಿಗೆ ತುಂಬಿಕೊಂಡು ಬಂದಳು. ನೆಲದ ಮೇಲಿಡಲಿಲ್ಲ, ಅವ್ವನ ಕೈಗೂ ಕೊಡಲಿಲ್ಲ. ಅವನ ಎರಡೂ ಕೈಗೆ ತಾನೇ ಇಟ್ಟಳು.

"ಸಾಕು ಬಿಡೋ ತಮ್ಮಾ," ಎಂದಳು. "ನೀರು ಕುಡಿ."